ಆಫ್ರಿಕಾದಲ್ಲಿ ಲೇ ಮಿಷನರಿ ಬದುಕು: ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಉಗಾಂಡಾದ ಅಚೋಲಿ ಸೀಮೆಯಲ್ಲಿ ಮೂರು ವರ್ಷ ಲೇ ಮಿಷನರಿಯಾಗಿ ಇದ್ದು ಬಂದವನು ನಾನು. ಅಲ್ಲಿನ ಒಂದು ಮಿಷನ್ ಆಸ್ಪತ್ರೆಯಲ್ಲಿ ಲೆಕ್ಕಪತ್ರ ಮತ್ತು ಔಷಧಿ ಸ್ಟೋರು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ವಾಪಸ್ ಬಂದ ಮೇಲೆ ಭಾನುವಾರದ ಬಲಿಪೂಜೆ ಮುಗಿಸಿ ಚರ್ಚಿನ ಅಂಗಳಕ್ಕೆ ಕಾಲಿಟ್ಟರೆ ಸಾಕು, ಯಾರಾದರೂ ತಡೆದು ನಿಲ್ಲಿಸಿ ಕೇಳುತ್ತಾರೆ. ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಅವೇ. ಹೀಗಾಗಿ ಒಂದು ಸಲ ಬರೆದೇ ಬಿಡೋಣ ಅನ್ನಿಸಿತು. ನಾನಿದ್ದ ಆಸ್ಪತ್ರೆಯ ಹೆಸರು, ನನ್ನನ್ನು ಕಳಿಸಿದ ಸಂಘದ ಹೆಸರು ಇಲ್ಲಿ ಬೇಡ. ಅಡುಗೆಮನೆಯ ಕಥೆಗಳೂ ಬರುತ್ತವೆ, ಅದಕ್ಕೆ.

ಲೇ ಮಿಷನರಿ ಅಂದರೆ ಯಾರು? ಫಾದರ್ರಾ, ಬ್ರದರ್ರಾ?

ಎರಡೂ ಅಲ್ಲ. ಗುರುಪಟ್ಟ ಇಲ್ಲ, ಸನ್ಯಾಸದ ವ್ರತ ಇಲ್ಲ, ನಿಲುವಂಗಿಯೂ ಇಲ್ಲ. ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ಭಾಷೆಯಲ್ಲಿ ಹೇಳುವುದಾದರೆ ಶ್ರೀಸಾಮಾನ್ಯರು. ನರ್ಸ್, ಮೇಷ್ಟ್ರು, ಎಲೆಕ್ಟ್ರಿಷಿಯನ್, ರೈತ, ಡಾಕ್ಟರ್, ನನ್ನ ಹಾಗೆ ಲೆಕ್ಕ ಬರೆಯುವವನು. ತಮಗೆ ಗೊತ್ತಿರುವ ಕಸುಬನ್ನೇ ಹಿಡಿದು, ಕೆಲವು ವರ್ಷ ಬೇರೆ ದೇಶದ ಒಂದು ಧರ್ಮಕೇಂದ್ರಕ್ಕೋ (ಪ್ಯಾರಿಷ್) ಶಾಲೆಗೋ ಆಸ್ಪತ್ರೆಗೋ ಹೋಗಿ, ಅಲ್ಲಿನ ಜನರ ನಡುವೆ ಇರುವವರು. ಕ್ರಿಸ್ತನ ಮೇಲಿನ ವಿಶ್ವಾಸದಿಂದ ಹೋಗುತ್ತಾರೆ ಎನ್ನುವುದು ಒಂದು. ಒಬ್ಬೊಬ್ಬರೇ ಬಿಡಾರ ಮಾಡದೆ ನಾಲ್ಕಾರು ಜನ ಒಂದೇ ಮನೆಯಲ್ಲಿ ಇರುತ್ತಾರೆ ಎನ್ನುವುದು ಇನ್ನೊಂದು. ಬರೀ ಸ್ವಯಂಸೇವಕರಿಗೂ ಇವರಿಗೂ ಇರುವ ವ್ಯತ್ಯಾಸ ಇಷ್ಟೇ. ಹೊರಡುವಾಗ ಇವೆರಡರಲ್ಲಿ ಮೊದಲನೆಯದೇ ಕಷ್ಟ ಅಂದುಕೊಂಡಿದ್ದೆ.

ಇದು ಹೊಸದಾಗಿ ಶುರುವಾದದ್ದಾ?

ಇಲ್ಲ. ಪಡುವಣದ ಪಾದ್ರಿಗಳಷ್ಟೇ ಮಿಷನರಿಗಳು ಎಂಬ ಚಿತ್ರ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಅಕ್ಟೋಬರಿನ ಮಿಷನ್ ಭಾನುವಾರ ನೀವು ಲಕೋಟೆಯಲ್ಲಿ ಹಾಕುವ ಕಾಣಿಕೆಯ ಬೇರನ್ನೇ ಹುಡುಕಿ ನೋಡಿ. ಫ್ರಾನ್ಸಿನ ಲಿಯೋನ್ ಪಟ್ಟಣದ ಪೌಲಿನ್ ಜಾರಿಕೋ ಎಂಬ ಹೆಣ್ಣುಮಗಳು ಕೂಲಿಕಾರರನ್ನು ಹತ್ತು ಹತ್ತು ಜನರ ಗುಂಪು ಮಾಡಿ, ವಾರಕ್ಕೊಂದು ಕಾಸು ಕೂಡಿಸಿ ಮಿಷನ್‌ಗಳಿಗೆ ಕಳಿಸುತ್ತಿದ್ದಳು. ಅದು 1822ರಲ್ಲಿ ಸಂಘವಾಯಿತು. ಆಕೆ ಕನ್ಯಾಸ್ತ್ರೀ ಅಲ್ಲ. ಧರ್ಮಸಭೆ ಆಕೆಯನ್ನು ಧನ್ಯಳೆಂದು (ಸಂತ ಪದವಿಗೆ ಒಂದು ಮೆಟ್ಟಿಲು ಕೆಳಗೆ) ಘೋಷಿಸಿದ್ದು 2022ರಲ್ಲಿ, ಸರಿಯಾಗಿ ಇನ್ನೂರು ವರ್ಷ ಕಳೆದ ಮೇಲೆ.

ಆಫ್ರಿಕಾದ ಮಟ್ಟಿಗೆ ನನಗೆ ಬಹಳ ಇಷ್ಟವಾದ ಹೆಸರು ಆಡ್ರಿಯನ್ ಅಟಿಮಾನ್. ಈಗಿನ ಮಾಲಿ ದೇಶದ ಕಡೆಯ ಹುಡುಗ. ಚಿಕ್ಕವನಿದ್ದಾಗಲೇ ಗುಲಾಮರ ವ್ಯಾಪಾರಿಗಳ ಕೈಗೆ ಸಿಕ್ಕಿದ್ದ. ವೈಟ್ ಫಾದರ್ಸ್ ಎಂಬ ಮಿಷನರಿ ಗುರುಗಳ ಸಭೆಯವರು ಬಿಡಿಸಿಕೊಂಡು ಮಾಲ್ಟಾದಲ್ಲಿ ವೈದ್ಯ ಓದಿಸಿದರು. 1889ರಲ್ಲಿ ಈಗಿನ ತಾಂಜಾನಿಯಾದ ಟಾಂಗನ್ಯೀಕಾ ಸರೋವರದ ದಂಡೆಯ ಕರೇಮಾಕ್ಕೆ ಬಂದು, ಮದುವೆಯಾಗಿ, ಸಂಸಾರ ಹೂಡಿ, ಡಾಕ್ಟರೂ ಧರ್ಮ ಕಲಿಸುವ ಉಪದೇಶಿಯೂ ಆಗಿ 1956ರಲ್ಲಿ ಸಾಯುವ ತನಕ ಅಲ್ಲೇ ಇದ್ದ. ಅರವತ್ತಕ್ಕೂ ಹೆಚ್ಚು ವರ್ಷ! ನನ್ನ ಮೂರು ವರ್ಷದ ಬಗ್ಗೆ ಯಾರಾದರೂ ಹೊಗಳಿದರೆ ಅಟಿಮಾನ್ ನೆನಪಾಗಿ ನಾಚಿಕೆಯಾಗುತ್ತದೆ.

ಆಮೇಲೆ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಶ್ರೀಸಾಮಾನ್ಯರ ಸೇವೆ ಕುರಿತೇ ಒಂದು ಪ್ರತ್ಯೇಕ ಶಾಸನ ಹೊರಡಿಸಿತು. ಅಲ್ಲಿಂದ ಮುಂದೆ ಸಂಘಗಳು ಬೆಳೆದವು. ಅಮೆರಿಕದ ಮೇರಿನೋಲ್ ಲೇ ಮಿಷನರಿಗಳು 1975ರಲ್ಲಿ ಶುರುವಾದರು. ಆಫ್ರಿಕಾದಲ್ಲಿ ದುಡಿದ ಇಟಲಿಯ ಬಿಷಪ್ ಸಂತ ದಾನಿಯೇಲೆ ಕೊಂಬೋನಿಯ ಹಾದಿಯಲ್ಲಿ ನಡೆಯುವ ಕೊಂಬೋನಿ ಲೇ ಮಿಷನರಿಗಳು ಆಫ್ರಿಕಾದ ಹಲವು ದೇಶಗಳಲ್ಲಿದ್ದಾರೆ. ಕೊಂಬೋನಿ 1864ರಲ್ಲೇ ಬರೆದಿಟ್ಟ ಯೋಜನೆಯ ತಿರುಳು ಆಫ್ರಿಕಾವನ್ನು ಆಫ್ರಿಕಾದವರಿಂದಲೇ ಮೇಲೆತ್ತಬೇಕು ಎಂಬುದು. ಹೊರಗಿನಿಂದ ಹೋದವರು ಕ್ರಮೇಣ ಬೇಡವಾಗಬೇಕು ಅಂತಲೇ ಅದರ ಅರ್ಥ. ಹೇಳುವುದು ಸುಲಭ. ನಮ್ಮ ಕುರ್ಚಿಯನ್ನು ನಾವೇ ಖಾಲಿ ಮಾಡುವುದಿದೆಯಲ್ಲ, ಅದು ಕಷ್ಟ.

ಮತಾಂತರ ಮಾಡುವುದಕ್ಕೆ ತಾನೆ ಹೋಗುವುದು?

ಈ ಪ್ರಶ್ನೆ ಚರ್ಚಿನ ಅಂಗಳದಲ್ಲಿ ಬರುವುದಿಲ್ಲ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಬರುತ್ತದೆ. ಕೇಳುವುದರಲ್ಲಿ ತಪ್ಪೇನಿಲ್ಲ.

ಉಗಾಂಡಾದಲ್ಲಿ 2014ರ ಜನಗಣತಿ ಪ್ರಕಾರ ಶೇಕಡಾ 39ರಷ್ಟು ಜನ ಕಥೋಲಿಕರು. ನಾನಿದ್ದ ಕಡೆ ಜಪಸರ ಹೇಳಿಸುವ ಅಜ್ಜಿಯರಿಗೆ ಬೈಬಲ್ ನನಗಿಂತ ಚೆನ್ನಾಗಿ ಬರುತ್ತಿತ್ತು. ನಾನು ಹೋಗಿ ಯಾರನ್ನು ಕ್ರೈಸ್ತರನ್ನಾಗಿ ಮಾಡಲಿ? ಬೇರೆ ಕಡೆಯ ಉದಾಹರಣೆ ಬೇಕಿದ್ದರೆ ಇಟಲಿಯ ಅನ್ನಲೇನಾ ತೊನೆಲ್ಲಿ ಇದ್ದಾರೆ. 1969ರಲ್ಲಿ ಕೀನ್ಯಾಕ್ಕೆ ಬಂದು, ಮುಸ್ಲಿಮರೇ ಇರುವ ವಾಜಿರ್ ಸೀಮೆಯಲ್ಲಿ ಕೆಲವು ಗೆಳತಿಯರೊಡನೆ ಮನೆ ಮಾಡಿಕೊಂಡು ಕ್ಷಯರೋಗಿಗಳನ್ನು ನೋಡಿದರು. ಅಲೆಮಾರಿ ದನಗಾಹಿಗಳು ತಿಂಗಳುಗಟ್ಟಲೆಯ ಔಷಧಿಯನ್ನು ಅರ್ಧಕ್ಕೇ ಬಿಟ್ಟು ಹೊರಟುಬಿಡುತ್ತಿದ್ದರು. ಅದಕ್ಕೆ ಆಸ್ಪತ್ರೆಯ ಪಕ್ಕದಲ್ಲೇ ಅವರದೇ ಗುಡಿಸಲುಗಳ ಹಟ್ಟಿ ಕಟ್ಟಿಸಿ, ಕಣ್ಣೆದುರೇ ಮಾತ್ರೆ ನುಂಗಿಸುವ ಪದ್ಧತಿ ತಂದರು. ಆಮೇಲೆ ಸೊಮಾಲಿಯಾ ಕಡೆಗೆ ಹೋದರು. ಯಾವ ಸಂಘಕ್ಕೂ ಸೇರಿದವರಲ್ಲ, ಯಾರ ಧರ್ಮವನ್ನೂ ಮುಟ್ಟಿದವರಲ್ಲ. 2003ರ ಅಕ್ಟೋಬರ್ 5ರಂದು ಬೊರಾಮಾದ ತಮ್ಮ ಆಸ್ಪತ್ರೆಯಲ್ಲೇ ಗುಂಡಿಗೆ ಬಲಿಯಾದರು. ಅದೇ ದಿನ ರೋಮಿನಲ್ಲಿ ಕೊಂಬೋನಿಯವರಿಗೆ ಸಂತ ಪದವಿ ಕೊಡಲಾಯಿತು. ಎರಡೂ ಒಂದೇ ದಿನ ಅಂತ ನನಗೆ ಬಹಳ ತಡವಾಗಿ ಗೊತ್ತಾಯಿತು.

ಸಮುದಾಯ ಜೀವನ ಅಂದರೆ ಆಶ್ರಮದ ಹಾಗಾ?

ಆಶ್ರಮಕ್ಕಿಂತ ಹೆಚ್ಚಾಗಿ ಬಾಡಿಗೆ ರೂಮಿನ ಹಾಗೆ, ಆದರೆ ಬಿಟ್ಟು ಹೋಗುವಂತಿಲ್ಲ! ನಾವಿದ್ದದ್ದು ನಾಲ್ವರು: ನಡುವಯಸ್ಸಿನ ಇಟಲಿಯ ದಂಪತಿ, ಪೋರ್ಚುಗಲ್ಲಿನ ಒಬ್ಬ ನರ್ಸ್, ನಾನು. ತಗಡಿನ ಮಾಡಿನ ಮನೆ, ನಾಲ್ಕು ಕೋಣೆ, ಒಂದು ಅಡುಗೆಮನೆ. ಕರೆಂಟು ಬಂದರೆ ಬಂತು. ಬೆಳಗ್ಗೆ ಆರೂವರೆಗೆ ಒಟ್ಟಿಗೆ ಪ್ರಾರ್ಥನೆ, ಆಮೇಲೆ ಚಹಾ, ಆಮೇಲೆ ಅವರವರ ಕೆಲಸ. ಸಂಜೆ ಸರದಿ ಪ್ರಕಾರ ಅಡುಗೆ. ಸೋಮವಾರ ರಾತ್ರಿ ಊಟದ ಮೇಲೆ ಮನೆಯ ಸಭೆ, ತಿಂಗಳಿಗೊಂದು ದಿನ ಮೌನಧ್ಯಾನ.

ಕೈಖರ್ಚಿಗೆ ಬರುವ ದುಡ್ಡೆಲ್ಲ ಒಂದೇ ಡಬ್ಬಿಗೆ. ಹಾಲಿನ ಪುಡಿಯ ಹಳೇ ಡಬ್ಬಿ ಅದು, ಅಡುಗೆಮನೆಯ ಗೂಡಿನಲ್ಲಿರುತ್ತಿತ್ತು. ಪಕ್ಕದಲ್ಲಿ ಒಂದು ನೋಟ್‌ಬುಕ್. ಯಾರು ಎಷ್ಟು ತೆಗೆದರೂ ಬರೆಯಬೇಕು: ಇದ್ದಿಲು, ಸೋಪು, ಈರುಳ್ಳಿ, ಮೊಬೈಲ್ ರೀಚಾರ್ಜ್. ಆದಿ ಕ್ರೈಸ್ತರು ಎಲ್ಲವನ್ನೂ ಹುದುವಾಗಿ ಇಟ್ಟುಕೊಂಡಿದ್ದರು ಅಂತ ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವಲ್ಲ, ಅದು ಅಡುಗೆಮನೆಗೆ ಇಳಿದಾಗ ಹೀಗಿರುತ್ತದೆ. ಕಸುಬಿನಿಂದ ಲೆಕ್ಕದವನಾದ ನನಗೇ ಆ ಪುಸ್ತಕದ ಜವಾಬ್ದಾರಿ ಬಂತು. ಮೊದಲ ತಿಂಗಳ ಕೊನೆಗೆ 'ಕಾಫಿ' ಎಂಬ ಬಾಬ್ತಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಪೋರ್ಚುಗೀಸಿನಾಕೆ ಒಂದು ಮಾತೂ ಆಡದೆ ಹಿಂದಿನ ಪುಟ ತಿರುವಿ, ನಾನು ಬರೆದಿದ್ದ 'ಹಸಿಮೆಣಸಿನಕಾಯಿ' ಎಂಬ ಬಾಬ್ತುಗಳನ್ನೆಲ್ಲ ಕೂಡಿ, ಮೊತ್ತವನ್ನು ಕೆಳಗೆ ಬರೆದಿಟ್ಟಳು. ಕಾಫಿಗಿಂತ ಸ್ವಲ್ಪ ಜಾಸ್ತಿಯೇ ಇತ್ತು. ಆಮೇಲೆ ಆ ಮನೆಯಲ್ಲಿ ಕೆಂಪು ಶಾಯಿಯ ಪೆನ್ನು ಕಾಣಿಸಲಿಲ್ಲ.

ಜಗಳ ಆಗುತ್ತಿರಲಿಲ್ಲವಾ?

ಆಗುತ್ತಿತ್ತು. ಜೋರು ಗಂಟಲಿನ ಜಗಳಕ್ಕಿಂತ ಮಾತು ಬಿಡುವುದು ಜಾಸ್ತಿ. ಒಂದನ್ನು ಹೇಳುತ್ತೇನೆ, ತಪ್ಪು ನನ್ನದೇ.

ಡಿಸೆಂಬರಿನಿಂದ ಮಾರ್ಚಿನ ತನಕ ಅಲ್ಲಿ ಬೇಸಿಗೆ. ಬೋರ್‌ವೆಲ್ ಮುಂದೆ ಹಳದಿ ಜೆರ್ರಿಕ್ಯಾನುಗಳ ಸಾಲು. ಒಂದೊಂದು ಇಪ್ಪತ್ತು ಲೀಟರಿನದು. ಜನ ಬಾರದಿದ್ದರೂ ಕ್ಯಾನು ಸರದಿಯಲ್ಲಿ ನಿಂತಿರುತ್ತದೆ, ಯಾರೂ ಅದನ್ನು ಆಚೆ ಸರಿಸುವುದಿಲ್ಲ. ನಮ್ಮ ಮನೆಗೆ ದಿನಕ್ಕೆ ನಾಲ್ಕು ಕ್ಯಾನು. ಒಂದು ಶನಿವಾರ ಬೆಳಗ್ಗೆ ಎರಡು ಕ್ಯಾನು ಸುರಿದು ನನ್ನ ಬಟ್ಟೆಯನ್ನೆಲ್ಲ ಒಗೆದು ಹಗ್ಗಕ್ಕೆ ಹಾಕಿದೆ. ಬಿಳಿ ಅಂಗಿ ಬಿಳಿಯಾಗಿಯೇ ಇರಬೇಕು ಎಂಬ ನನ್ನ ಊರಿನ ಹಟ. ಒಂಬತ್ತು ಗಂಟೆಗೆ ನರ್ಸ್ ರಾತ್ರಿ ಪಾಳಿ ಮುಗಿಸಿ ಬಂದಳು. ಕಷ್ಟದ ಹೆರಿಗೆಯೊಂದರಲ್ಲಿ ಇಡೀ ರಾತ್ರಿ ನಿಂತಿದ್ದಳು, ಸಮವಸ್ತ್ರದ ತೋಳಿನ ತನಕ ರಕ್ತ ಒಣಗಿ ಹತ್ತಿಕೊಂಡಿತ್ತು. ಬಚ್ಚಲಿಗೆ ಹೋದಳು. ಖಾಲಿ ಕ್ಯಾನು ನೆಲಕ್ಕೆ ತಾಗುವ ಸದ್ದು ಕೇಳಿಸಿತು, ಒಂದು, ಆಮೇಲೆ ಇನ್ನೊಂದು. ಹೊರಗೆ ಬಂದು ಹಗ್ಗದ ಮೇಲಿನ ನನ್ನ ಅಂಗಿಗಳನ್ನು ನೋಡಿದಳು. ಕುಡಿಯಲು ಕುದಿಸಿ ಆರಿಸಿಟ್ಟಿದ್ದ ನೀರಿನಲ್ಲಿ ಒಂದು ಚೊಂಬು ತೆಗೆದು ಕೈ ತೊಳೆದುಕೊಂಡು, ಹಾಗೇ ಹೋಗಿ ಮಲಗಿದಳು.

ಮೂರು ದಿನ ಮಾತಿಲ್ಲ. ಸೋಮವಾರದ ಸಭೆಯಲ್ಲಿ ನಾನು ಕ್ಷಮೆ ಕೇಳಲು ಇಂಗ್ಲಿಷಿನಲ್ಲಿ ಭಾಷಣವನ್ನೇ ತಯಾರು ಮಾಡಿಕೊಂಡಿದ್ದೆ. ಇಟಲಿಯ ಹಿರಿಯರು ತಡೆದು, "ಭಾಷಣ ಬೇಡಪ್ಪ, ನಾಳೆಯಿಂದ ಒಂದು ತಿಂಗಳು ಬೆಳಗ್ಗೆ ಬೋರ್‌ವೆಲ್ ಸರದಿಗೆ ನೀನು ಹೋಗು" ಎಂದರು. ಹೋದೆ. ಆ ತಿಂಗಳಲ್ಲಿ ಊರಿನ ಹೆಂಗಸರು ಹುಡುಗರೆಲ್ಲ ನನಗೆ ಪರಿಚಯವಾದರು. ಕಚೇರಿಯಲ್ಲಿ ಒಂದು ವರ್ಷ ಕೂತರೂ ಬಾರದಿದ್ದ ಅಚೋಲಿ ಮಾತು ಅಲ್ಲಿ ಬಂತು. ಗಂಡಸು ನೀರು ಹೊರುವುದನ್ನು ನೋಡಿ ಹೆಂಗಸರು ನಕ್ಕಿದ್ದೂ ನಕ್ಕಿದ್ದೇ.

ಕೆಲಸದ ಒತ್ತಡಕ್ಕಿಂತ ಮನೆಯ ಒತ್ತಡ ತಾಳದೆ ವಾಪಸ್ ಹೋದವರ ಸುದ್ದಿ ಬೇರೆ ಮಿಷನ್‌ಗಳಿಂದಲೂ ಕೇಳಿದ್ದೇನೆ. ನನ್ನ ಅಭಿಪ್ರಾಯ ಕೇಳಿದರೆ, ನಾವು ಹೇಗೆ ಬದುಕುತ್ತೇವೆ ಎಂಬುದನ್ನು ಊರಿನವರು ಗಮನಿಸುವಷ್ಟು ನಾವೇನು ಕೆಲಸ ಮಾಡುತ್ತೇವೆ ಎಂಬುದನ್ನು ಗಮನಿಸುವುದಿಲ್ಲ. ಬೇರೆ ಬೇರೆ ಬಣ್ಣದ, ಬೇರೆ ಬೇರೆ ಭಾಷೆಯ ನಾಲ್ಕು ಜನ ಒಂದೇ ಪಾತ್ರೆಯಿಂದ ತೆಗೆದು ಉಣ್ಣುವುದನ್ನು ಅವರು ದಿನಾ ನೋಡುತ್ತಿದ್ದರು. ಮಾತು ಬಿಟ್ಟದ್ದನ್ನೂ ನೋಡಿದ್ದರು, ಅನುಮಾನವಿಲ್ಲ.

ಊಟಕ್ಕೆ ಏನು? ಅನ್ನ ಸಿಗುತ್ತಾ?

ಅನ್ನ ಸಿಗುತ್ತದೆ, ಆದರೆ ಅದರ ಚಿಂತೆ ಬಿಡಿ. ಅಚೋಲಿಯವರ ಊಟ ಕ್ವೋನ್. ಅದರಲ್ಲಿ ಕ್ವೋನ್ ಕಾಲ್ ಅಂದರೆ ರಾಗಿಯದು, ಕೆಲವರು ಮರಗೆಣಸಿನ ಹಿಟ್ಟನ್ನೂ ಬೆರೆಸುತ್ತಾರೆ. ದೊಡ್ಡ ಪಾತ್ರೆಯಲ್ಲಿ ಕುದಿ ಬಂದ ನೀರಿಗೆ ಹಿಟ್ಟು ಸುರಿದು ಮರದ ಕೋಲಿನಲ್ಲಿ ತಿರುವುವುದನ್ನು ಮೊದಲ ಸಲ ನೋಡಿದಾಗ ನಮ್ಮಜ್ಜಿಯೇ ಬಂದು ಕೂತ ಹಾಗಾಯಿತು. ರಾಗಿ ಮೂಲದಲ್ಲಿ ಪೂರ್ವ ಆಫ್ರಿಕಾದ ಎತ್ತರದ ಸೀಮೆಯ ಬೆಳೆ. ಸಾವಿರಾರು ವರ್ಷದ ಹಿಂದೆ ಅಲ್ಲಿಂದ ನಮ್ಮ ಕಡೆಗೆ ಬಂದದ್ದು. ನಾವು ಮುದ್ದೆಯನ್ನು ನಮ್ಮದೇ ಅಂತ ಹೆಮ್ಮೆಪಡುತ್ತೇವೆ, ತವರು ಮಾತ್ರ ಅವರದು. ಒಂದೇ ವ್ಯತ್ಯಾಸ: ನಾವು ನುಂಗುತ್ತೇವೆ, ಅವರು ಅಗಿಯುತ್ತಾರೆ. ನಾನು ನುಂಗಿದ್ದನ್ನು ನೋಡಿ ಗಂಟಲಿಗೆ ಸಿಕ್ಕಿಕೊಂಡಿತು ಅಂತ ಒಬ್ಬಾಕೆ ಬೆನ್ನಿಗೆ ಗುದ್ದಿದಳು.

ಉತ್ತರ ಕರ್ನಾಟಕದವರಿಗೆ ಇನ್ನೊಂದು ಖುಷಿ. ಮಲಕ್ವಾಂಗ್ ಎಂಬ ಹುಳಿ ಸೊಪ್ಪು ನಮ್ಮ ಪುಂಡಿ ಸೊಪ್ಪಿನ ಬಳಗದ್ದೇ. ಅದನ್ನು ಬೇಯಿಸಿ ಎಳ್ಳು, ಕಡಲೆಕಾಯಿ ಅರೆದು ಸೇರಿಸುತ್ತಾರೆ. ಖಾರ ಮಾತ್ರ ಇಲ್ಲ. ಹಸಿಮೆಣಸಿನಕಾಯಿಯ ಲೆಕ್ಕ ಏರಿದ್ದು ಅದಕ್ಕೇ.

ದುಡ್ಡು ಯಾರು ಕೊಡುತ್ತಾರೆ?

ಸಂಬಳ ಇಲ್ಲ. ಪ್ರಯಾಣ, ಆರೋಗ್ಯ ವಿಮೆ, ತಿಂಗಳ ಕೈಖರ್ಚು ಸಾಮಾನ್ಯವಾಗಿ ಕಳಿಸುವ ಸಂಘದ್ದು. ಮನೆ ಹೆಚ್ಚಾಗಿ ಅಲ್ಲಿನ ಬಿಷಪ್ಪರ ಧರ್ಮಕ್ಷೇತ್ರದ್ದೋ ಆಸ್ಪತ್ರೆಯದ್ದೋ. ಊರಲ್ಲಿ ಸಾಲ ಇದ್ದರೆ, ಅಪ್ಪ ಅಮ್ಮ ನಿಮ್ಮ ಸಂಬಳವನ್ನೇ ನಂಬಿದ್ದರೆ, ಅದನ್ನು ಮೊದಲು ಸರಿಮಾಡಿಕೊಳ್ಳಿ. ಒಪ್ಪಂದ ಹೆಚ್ಚಾಗಿ ಎರಡು ಮೂರು ವರ್ಷಕ್ಕೆ. ಬೇಕಾದರೆ ಮುಂದುವರಿಸಬಹುದು.

ಮದುವೆಯಾದವರು ಹೋಗಬಹುದಾ?

ಹೋಗಬಹುದು. ಮಕ್ಕಳನ್ನು ಕರೆದುಕೊಂಡು ಹೋದವರೂ ಇದ್ದಾರೆ. ಅಚೋಲಿ ಸೀಮೆಯ ಗುಲು ಪಟ್ಟಣದ ಪಕ್ಕದ ಲಾಚೋರ್ ಆಸ್ಪತ್ರೆಯ ಕಥೆಯೇ ಒಂದು ದಂಪತಿಯ ಕಥೆ. ಕೊಂಬೋನಿ ಸಭೆಯವರು 1959ರಲ್ಲಿ ಶುರುಮಾಡಿದ ಸಣ್ಣ ಆಸ್ಪತ್ರೆ ಅದು. 1961ರಲ್ಲಿ ಇಟಲಿಯ ಮಕ್ಕಳ ಡಾಕ್ಟರ್ ಪಿಯೆರೋ ಕೊರ್ತಿ, ಕೆನಡಾದ ಸರ್ಜನ್ ಲೂಸಿಲ್ ಟೀಸ್‌ಡೇಲ್ ಅಲ್ಲಿಗೆ ಬಂದರು. ಲೂಸಿಲ್ ಬಂದದ್ದು ಒಂದೆರಡು ತಿಂಗಳಿಗೆ ಅಂತ. ಅದೇ ವರ್ಷ ಮದುವೆ, ಆಮೇಲೆ ಒಬ್ಬಳು ಮಗಳು, ಸರ್ವಾಧಿಕಾರಿ ಇದಿ ಅಮೀನನ ಕಾಲ, ಅದಾದ ಮೇಲೆ ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿಯ ಬಂಡಾಯ. ಯುದ್ಧದಲ್ಲಿ ಗಾಯಗೊಂಡವರ ಶಸ್ತ್ರಚಿಕಿತ್ಸೆ ಮಾಡುವಾಗ ಲೂಸಿಲ್‌ಗೆ ಎಚ್‌ಐವಿ ತಗುಲಿತು, ಅದು ಗೊತ್ತಾದದ್ದು 1985ರಲ್ಲಿ. ಅದರ ಮೇಲೂ ವರ್ಷಗಟ್ಟಲೆ ಕೆಲಸ ಬಿಡಲಿಲ್ಲ. 1996ರಲ್ಲಿ ತೀರಿಕೊಂಡರು. ಪಿಯೆರೋ ಹೋದದ್ದು 2003ರಲ್ಲಿ. ಇಬ್ಬರ ಸಮಾಧಿಯೂ ಆಸ್ಪತ್ರೆಯ ಆವರಣದಲ್ಲೇ ಇದೆ.

ಆದರೆ ನನಗೆ ದೊಡ್ಡದಾಗಿ ಕಾಣುವುದು ಅವರ ಪಕ್ಕದ ಮೂರನೆಯ ಸಮಾಧಿ. ಅದು ಅಚೋಲಿ ಡಾಕ್ಟರ್ ಮ್ಯಾಥ್ಯೂ ಲುಕ್ವಿಯಾ ಅವರದು. ಕೊರ್ತಿ ದಂಪತಿ ಬೆಳೆಸಿ, ಆಸ್ಪತ್ರೆಯನ್ನು ಅವರ ಕೈಗೊಪ್ಪಿಸಿದ್ದರು. 2000ದಲ್ಲಿ ಎಬೋಲಾ ಬಂದಾಗ, ಇದು ಎಬೋಲಾ ಇರಬಹುದು ಅಂತ ಮೊದಲು ಗುಮಾನಿಪಟ್ಟು ಸರ್ಕಾರಕ್ಕೆ ತಿಳಿಸಿದ್ದು ಅವರೇ. ಭಯದಿಂದ ಬಿಟ್ಟು ಹೋಗಲು ಸಿದ್ಧರಾಗಿದ್ದ ದಾದಿಯರನ್ನು ಕೂರಿಸಿಕೊಂಡು ಮಾತಾಡಿ ಒಟ್ಟಿಗೆ ಹಿಡಿದಿಟ್ಟರು. ಆ ಸಲ ದೇಶದಲ್ಲಿ 425 ಜನರಿಗೆ ರೋಗ ಬಂತು, 224 ಜನ ಸತ್ತರು. ಡಿಸೆಂಬರ್ 5ರಂದು ಲುಕ್ವಿಯಾ ಅವರೂ ಅದರಲ್ಲೇ ಹೋದರು.

ಎಲ್ಲ ಕಡೆಯೂ ಆಸ್ಪತ್ರೆ ಕೆಲಸವೇನಾ?

ಅಲ್ಲ. ಮೊಜಾಂಬಿಕ್‌ನ ನಂಪುಲಾ ಪ್ರಾಂತ್ಯದ ಕರಪೀರಾದಲ್ಲಿ ಮಿಷನ್ನಿನ ಕೈಗಾರಿಕಾ ಶಾಲೆ ಇದೆ, ನಮ್ಮ ಐಟಿಐ ಇದ್ದ ಹಾಗೆ. ಅಲ್ಲಿ ಕೊಂಬೋನಿ ಲೇ ಮಿಷನರಿಗಳು ಮಕುವಾ ಜನಾಂಗದ ಹುಡುಗರ ಜೊತೆ ಇದ್ದಾರೆ. ಮಧ್ಯ ಆಫ್ರಿಕಾ ಗಣರಾಜ್ಯದ ಮೊಂಗೂಂಬಾ ಉಬಾಂಗಿ ನದಿಯ ದಂಡೆಯ ಊರು. ಅಲ್ಲಿ ಕಾಡಿನ ಅಕಾ ಜನರ ನಡುವೆ ಶಾಲೆ, ಆರೋಗ್ಯದ ಕೆಲಸ. ಅಕ್ಕಪಕ್ಕದ ಊರುಗಳವರು ಅಕಾಗಳನ್ನು ಆಳುಗಳ ಹಾಗೆ ನಡೆಸಿಕೊಳ್ಳುವುದು ಹಳೆಯ ರೋಗ. ಆದ್ದರಿಂದ ಅಲ್ಲಿ ಅವರ ಜೊತೆ ಒಂದೇ ಬೆಂಚಿನಲ್ಲಿ ಕೂರುವುದೇ ಒಂದು ಕೆಲಸ. ನಮ್ಮ ಹಾಡಿಗಳ ಬದುಕು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವೈದ್ಯರಾದರೆ ಇಟಲಿಯ ಪಾದುವಾದಲ್ಲಿ 1950ರಲ್ಲಿ ಹುಟ್ಟಿದ ಕುವಾಮ್ ಸಂಸ್ಥೆ ಇಥಿಯೋಪಿಯಾದ ವೊಲಿಸೊ, ತಾಂಜಾನಿಯಾದ ತೊಸಮಗಂಗಾ ಮುಂತಾದ ಕಡೆ ಕೆಲಸ ಮಾಡುತ್ತದೆ.

ಸಿಂಹ ನೋಡಿದಿರಾ?

ಮರ್ಚಿಸನ್ ಜಲಪಾತದ ಉದ್ಯಾನದಲ್ಲಿ, ಟಿಕೆಟ್ ತೆಗೆದುಕೊಂಡು, ಒಂದೇ ಸಲ. ಮನೆಯಲ್ಲಿ ನಮ್ಮನ್ನು ಕಾಡಿದ್ದು ಇಲಿ.

ಜನ ನಮ್ಮನ್ನು ಹೇಗೆ ನೋಡುತ್ತಾರೆ?

ಬಿಳಿಯರು ಹೋದರೆ ಮಿಷನರಿ ಅಂತ ಮುಖ ನೋಡಿದ ಕೂಡಲೇ ತಿಳಿದುಕೊಳ್ಳುತ್ತಾರೆ. ನಾವು ಹೋದರೆ "ಮುಹಿಂದಿ, ನಿನ್ನ ಅಂಗಡಿ ಎಲ್ಲಿ?" ಪೂರ್ವ ಆಫ್ರಿಕಾದಲ್ಲಿ ಇಂಡಿಯಾದವನೆಂದರೆ ವ್ಯಾಪಾರಿ. ಇದಿ ಅಮೀನ್ 1972ರಲ್ಲಿ ಏಷ್ಯಾ ಮೂಲದವರನ್ನು ತೊಂಬತ್ತು ದಿನದಲ್ಲಿ ಹೊರಡಿ ಎಂದು ಓಡಿಸಿದ ಕಥೆ ನಮಗೆ ಗೊತ್ತು. ಅಂಗಡಿಯವನು ಕೆಲಸದ ಹುಡುಗನನ್ನು ಹೇಗೆ ಕರೆಯುತ್ತಿದ್ದ ಎಂಬ ಕಥೆ ಅವರಿಗೆ ಗೊತ್ತು. ನಾನು ಆಸ್ಪತ್ರೆಯಲ್ಲಿ ಕೂತದ್ದೂ ಲೆಕ್ಕದ ಪುಸ್ತಕದ ಮುಂದೆಯೇ, ಇನ್ನೇನು ಬೇಕು! ಆರು ತಿಂಗಳು ನನ್ನನ್ನು ಆಸ್ಪತ್ರೆಯ ಮಾಲೀಕ ಅಂದುಕೊಂಡವರಿದ್ದರು.

ಇನ್ನೊಂದನ್ನು ಹೇಳಲೇಬೇಕು. 2016ರ ಜನವರಿ ಕೊನೆಗೆ ಬೆಂಗಳೂರಿನ ಹೊರವಲಯದಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಹಲ್ಲೆ ಮಾಡಿತು. ಬೇರೆ ದೇಶದವನೊಬ್ಬ ಮಾಡಿದ ಅಪಘಾತದ ಸಿಟ್ಟನ್ನು, ಸಂಬಂಧವೇ ಇಲ್ಲದ ಹುಡುಗಿಯ ಮೇಲೆ, ಚರ್ಮದ ಬಣ್ಣ ನೋಡಿ ತೀರಿಸಿಕೊಂಡಿತ್ತು. ನಾನು ಬೆಂಗಳೂರಿನ ಕಡೆಯವನು ಅಂದಾಗ ನಮ್ಮ ಲ್ಯಾಬಿನ ಹುಡುಗ ಕೇಳಿದ್ದು ಅದನ್ನೇ. ಅವನ ಅಕ್ಕನ ಮಗ ಅಲ್ಲಿ ಓದಲು ಹೊರಟಿದ್ದ, ಕಳಿಸಬಹುದಾ ಅಂತ. ಥಟ್ಟನೆ ಹೂಂ ಅನ್ನಲು ನನಗೆ ಬಾಯಿ ಬರಲಿಲ್ಲ. ಸೇವೆ ಮಾಡಲು ಬಂದವರು ಎಂಬ ಗತ್ತು ಇದ್ದರೆ ಇಂಥ ಒಂದು ಪ್ರಶ್ನೆ ಸಾಕು, ಇಳಿದು ಹೋಗುತ್ತದೆ.

ಭಾಷೆ ಕಲಿಯದಿದ್ದರೆ ನಡೆಯುತ್ತಾ?

ಕಚೇರಿಯೊಳಗೆ ನಡೆಯುತ್ತದೆ, ಅಂಗಳದಲ್ಲಿ ಇಲ್ಲ. ಮೊದಲ ಕೆಲವು ತಿಂಗಳು ಬೇರೆ ಕೆಲಸ ಹಚ್ಚಿಕೊಳ್ಳದೆ ಭಾಷೆ ಕಲಿಯಿರಿ. ಅಚೋಲಿಯಲ್ಲಿ 'ಅಪ್ವೊಯೊ' ಅಂದರೆ ಧನ್ಯವಾದವೂ ಹೌದು, ನಮಸ್ಕಾರವೂ ಹೌದು. ಅದೊಂದೇ ಪದದಲ್ಲಿ ನಾನು ಮೊದಲ ವಾರ ಕಳೆದೆ.

ಕಾಯಿಲೆ, ಅಪಾಯ?

ಹಳದಿ ಜ್ವರದ ಲಸಿಕೆ ಹಾಕಿಸದೆ ಹೊರಡಬೇಡಿ. ಪ್ರಯಾಣಕ್ಕೆ ಹತ್ತು ದಿನ ಮೊದಲೇ ಆಗಿರಬೇಕು. ಆ ಸರ್ಟಿಫಿಕೇಟ್ ಇಲ್ಲದೆ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಹಿಡಿದು ಆರು ದಿನದ ತನಕ ಪ್ರತ್ಯೇಕವಾಗಿ ಇಡುತ್ತಾರೆ. ಮಲೇರಿಯಾ ಬರುತ್ತದೆ. ಅಲ್ಲಿನದು ಮಿದುಳಿಗೇರುವ ಜಾತಿಯದು, ಜ್ವರ ಬಂದ ದಿನವೇ ಪರೀಕ್ಷೆ ಮಾಡಿಸಬೇಕು. ಸೊಳ್ಳೆಪರದೆ ಕಟ್ಟಲು ಬೇಸರಪಟ್ಟ ಒಂದು ರಾತ್ರಿಗೆ ನಾನು ಎಂಟು ದಿನ ತೆತ್ತೆ.

ಬಂದೂಕಿನ ಅಪಾಯ ಇಲ್ಲವೇ ಇಲ್ಲ ಅನ್ನಲಾರೆ. 2022ರ ಸೆಪ್ಟೆಂಬರಿನಲ್ಲಿ ಮೊಜಾಂಬಿಕ್‌ನ ಚಿಪೆನೆ ಮಿಷನ್ ಮೇಲೆ ದಾಳಿಯಾಗಿ, 1963ರಿಂದ ಆ ದೇಶದಲ್ಲಿದ್ದ ಸಿಸ್ಟರ್ ಮರಿಯಾ ದೆ ಕೊಪ್ಪಿ ಹತರಾದರು. ಆದರೆ ದಿನನಿತ್ಯದ ಅಪಾಯ ರಸ್ತೆಯದು, ಅದರಲ್ಲೂ ಬೋಡಾ-ಬೋಡಾ ಎಂಬ ಬಾಡಿಗೆ ಬೈಕುಗಳದು. ಹೆಲ್ಮೆಟ್ ಕೇಳಿ ಹತ್ತಿ.

ನಮ್ಮೂರಲ್ಲೇ ಬಡವರಿಲ್ಲವಾ?

ಇದ್ದಾರೆ. ಈ ಪ್ರಶ್ನೆಗೆ ನನ್ನ ಹತ್ತಿರ ಗಟ್ಟಿ ಉತ್ತರ ಇಲ್ಲ. ಕರೆ ಬಂತು, ಹೋದೆ. ಇಲ್ಲಿದ್ದಾಗ ನಾನು ಯಾವ ಬಡವರನ್ನೂ ಅಷ್ಟಾಗಿ ಕಂಡವನಲ್ಲ ಎಂಬುದೂ ನಿಜ. ಈಗ ಕಣ್ಣಿಗೆ ಬೀಳುತ್ತಾರೆ.

ಅಲ್ಲಿನವರೇ ಈ ಕೆಲಸ ಮಾಡುವುದಿಲ್ಲವಾ?

ಅವರೇ ಮಾಡುವುದು, ನಾವು ಕೈಜೋಡಿಸುವುದು. ಒಂದು ಧರ್ಮಕೇಂದ್ರಕ್ಕೆ ಹತ್ತಾರು ಹಳ್ಳಿ ಸೇರಿರುತ್ತವೆ. ಗುರುಗಳು ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಬಂದಾರು. ಉಳಿದ ಭಾನುವಾರಗಳಲ್ಲಿ ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ಕಲಿಸುವುದು, ಸತ್ತವರನ್ನು ಮಣ್ಣುಮಾಡುವುದು ಎಲ್ಲ ಉಪದೇಶಿಗಳದೇ. ಅಚೋಲಿಯವರು ಹೆಮ್ಮೆಯಿಂದ ಹೇಳುವ ದಾವುದಿ ಒಕೆಲೋ, ಜಿಲ್ದೋ ಇರ್ವಾ ಅಂಥ ಇಬ್ಬರು ಹುಡುಗ ಉಪದೇಶಿಗಳು. 1918ರಲ್ಲಿ ಪೈಮೋಲ್ ಎಂಬಲ್ಲಿ ಕೊಲೆಯಾದರು, 2002ರಲ್ಲಿ ಧನ್ಯರೆನಿಸಿದರು.

ಪೂರ್ವ ಆಫ್ರಿಕಾದ ಬಿಷಪ್ಪರು 1970ರ ದಶಕದಲ್ಲೇ ಕಿರು ಕ್ರೈಸ್ತ ಸಮುದಾಯಗಳನ್ನು ಧರ್ಮಸಭೆಯ ಬುಡವೆಂದು ಒಪ್ಪಿಕೊಂಡರು. ಸ್ವಾಹಿಲಿಯಲ್ಲಿ ಜುಮುಯಿಯಾ ಅನ್ನುತ್ತಾರೆ. ಹತ್ತು ಹದಿನೈದು ಮನೆಯವರು ವಾರಕ್ಕೊಮ್ಮೆ ಮಾವಿನ ಮರದ ಕೆಳಗೆ ಕೂತು, ಶುಭಸಂದೇಶ ಓದಿ, ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗುವಿಗೆ ಫೀಜು ಕಟ್ಟಬೇಕು ಅಂತ ಮಾತಾಡುವುದು. ಮಂಗಳೂರು ಕಡೆಯ ವಾಡೆ, ಗುರಿಕಾರ ಪದ್ಧತಿ ಗೊತ್ತಿದ್ದವರಿಗೆ ಇದು ಅರ್ಥವಾದೀತು. ನಾನು ಆ ಚಾಪೆಯ ತುದಿಯಲ್ಲಿ ಕೂರುತ್ತಿದ್ದೆ.

ಅಲ್ಲಿ ಒಂದು ಸಲ ಬೈಸಿಕೊಂಡೆ. ಆಸ್ಪತ್ರೆಯ ಕಾವಲುಗಾರನ ತಾಯಿ ತೀರಿಹೋಗಿದ್ದಳು. ತಿಂಗಳ ಕೊನೆ, ಲೆಕ್ಕ ಮುಗಿಸುವುದಿತ್ತು, ನಾನು ಹೋಗಲಿಲ್ಲ. ಮಾರನೇ ಭಾನುವಾರ ಮರದ ಕೆಳಗೆ ಒಬ್ಬ ಅಜ್ಜಿ ನನ್ನ ಕಡೆ ನೋಡದೆಯೇ, "ಸತ್ತವಳು ಇನ್ನೊಂದು ಸಲ ಸಾಯುವುದಿಲ್ಲ, ಲೆಕ್ಕ ನಾಳೆಯೂ ಇರುತ್ತದೆ" ಎಂದಳು. ಆಮೇಲೆ ಯಾವ ಸಾವಿಗೂ ತಪ್ಪಿಸಲಿಲ್ಲ. ಹೋಗಿ ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. ಏನೂ ಮಾಡಬೇಕಾಗಿರಲಿಲ್ಲ, ಕೂರಬೇಕಿತ್ತು.

ಯಾರು ಹೋಗಬಾರದು?

ಮನೆಯಲ್ಲಿ ಜಗಳವಾಡಿಕೊಂಡು ತಪ್ಪಿಸಿಕೊಳ್ಳಲು ನೋಡುವವರು. ಫೋಟೋ ಹುಚ್ಚಿನವರು. ಒಬ್ಬರೇ ಇರಲು ಬಯಸುವವರು. ಪಾತ್ರೆ ತೊಳೆಯದವರು.

ಎಲ್ಲಿ ವಿಚಾರಿಸಬೇಕು?

ಮೊದಲು ನಿಮ್ಮ ಧರ್ಮಕೇಂದ್ರದ ಗುರುಗಳನ್ನು, ಆಮೇಲೆ ಆಫ್ರಿಕಾದಲ್ಲಿ ಮನೆಗಳಿರುವ ಯಾವುದಾದರೂ ಸನ್ಯಾಸಿ ಸಭೆಯನ್ನು. ಕರ್ನಾಟಕದ ಎಷ್ಟೋ ಸಿಸ್ಟರ್‌ಗಳು, ಫಾದರ್‌ಗಳು ಅಲ್ಲಿದ್ದಾರೆ. ರಜೆಗೆ ಊರಿಗೆ ಬಂದಾಗ ಅವರನ್ನು ಹಿಡಿದು ಕೇಳಿ. ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸ ಮಾಡಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಕೆಲಸದ ಪರವಾನಗಿ ಬೇಕೇ ಬೇಕು.

ವಾಪಸ್ ಬಂದ ಮೇಲೆ ಹೇಗಿರುತ್ತದೆ?

ಮೊದಲ ತಿಂಗಳು ನಲ್ಲಿ ತಿರುಗಿಸಿದಾಗಲೆಲ್ಲ ಕ್ಯಾನು ಲೆಕ್ಕ ಹಾಕುತ್ತಿದ್ದೆ. ಮನೆಯವರಿಗೆ ರೇಗಿತು. ಹೊಸ ಕೆಲಸ ಸಿಗಲು ಏಳು ತಿಂಗಳಾಯಿತು. ಮೂರು ವರ್ಷ ಏನು ಮಾಡುತ್ತಿದ್ದಿರಿ ಅಂತ ಸಂದರ್ಶನದಲ್ಲಿ ಕೇಳುತ್ತಾರೆ, ಉತ್ತರ ತಯಾರಿಟ್ಟುಕೊಳ್ಳಿ.

ಅಲ್ಲಿನ ನನ್ನ ಕುರ್ಚಿಯಲ್ಲಿ ಈಗ ಗುಲುವಿನಲ್ಲಿ ಓದಿದ ಒಬ್ಬ ಹುಡುಗಿ ಕೂತಿದ್ದಾಳೆ. ಕೊನೆಯ ವರ್ಷ ಪೂರ್ತಿ ಅವಳಿಗೆ ಕೆಲಸ ಕಲಿಸುವುದೇ ನನ್ನ ಕೆಲಸವಾಗಿತ್ತು. ನಾನು ಬಂದು ಎರಡು ತಿಂಗಳಿಗೆ ವಾಟ್ಸ್ಆ್ಯಪ್‌ನಲ್ಲಿ ಅವಳ ಸಂದೇಶ: "ಅಣ್ಣ, ಸ್ಟಾಕ್ ಪುಸ್ತಕದಲ್ಲಿ ನೀವು ಗ್ಲೌಸ್ 14 ಪೆಟ್ಟಿಗೆ ಅಂತ ಬರೆದಿದ್ದೀರಿ. ಎಣಿಸಿದೆ, 12 ಇವೆ. ತಿದ್ದಿದ್ದೇನೆ." ಕೆಳಗೆ ಆ ಪುಟದ ಫೋಟೋ ಇತ್ತು. ತಿದ್ದಿದ್ದು ಕೆಂಪು ಶಾಯಿಯಲ್ಲಿ.